ಆಟ ತಾನಾಗಿ ಹೇಳದೆ ನೀವೇ ಕಂಡುಕೊಂಡ ಸಣ್ಣ ಸಂಗತಿ ಯಾವುದು?

ನಿದ್ದೆಗೆಟ್ಟವ
ಮೊನ್ನೆ ರಾತ್ರಿ 2018ರ ಸ್ಪೈಡರ್-ಮ್ಯಾನ್ ಮತ್ತೆ ಹಾಕಿಕೊಂಡು ಕೂತಿದ್ದೆ. ಕಟ್ಟಡದಿಂದ ಕಟ್ಟಡಕ್ಕೆ ಜೋತಾಡಿಕೊಂಡು ಹೋಗುವಾಗ ಪೀಟರ್‌ಗೆ ಫೋನ್ ಬಂತು. ಏದುಸಿರು ಬಿಡುತ್ತಲೇ ಮಾತಾಡುತ್ತಿದ್ದ. ನನಗೆ ನೀರು ಕುಡಿಯಬೇಕು ಅನಿಸಿ ಅವನನ್ನು ಒಂದು ತಾರಸಿ ಮೇಲೆ ಇಳಿಸಿದೆ. ಮಾತು ನಿಲ್ಲಲಿಲ್ಲ, ಏದುಸಿರು ಮಾತ್ರ ನಿಂತುಹೋಯಿತು. ಅದೇ ಫೋನ್, ಅದೇ ಮಾತು, ಆದರೆ ಈಗ ಆರಾಮಾಗಿ ನಿಂತವನ ದನಿ. ಲೋಟ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಆಮೇಲೆ ಹುಡುಕಿದರೆ, ಇಂಥ ಮಾತುಗಳನ್ನು ಎರಡೆರಡು ಸಲ ರೆಕಾರ್ಡ್ ಮಾಡಿಸಿದ್ದಾರೆ. ಒಂದು ಸುಮ್ನೆ ನಿಂತಾಗಿನದು, ಇನ್ನೊಂದು ಹಾರಾಡುವಾಗಿನದು. ನೀವೇನು ಮಾಡುತ್ತಿದ್ದೀರಿ ಎಂದು ನೋಡಿಕೊಂಡು ಆಟವೇ ಮಾತಿನ ನಡುವೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಇಡೀ ಆಟ ಒಂದು ಸಲ ಮುಗಿಸಿದ್ದವನು ನಾನು, ಒಮ್ಮೆಯೂ ಗಮನಿಸಿರಲಿಲ್ಲ.

ಇಂಥವು ಬೇಕು ನನಗೆ. ಗೋಡೆ ಹಿಂದೆ ಬಚ್ಚಿಟ್ಟ ಹೆಸರು, ಬೇರೆ ಆಟದ ಪೋಸ್ಟರ್, ಅಂಥ ಈಸ್ಟರ್ ಎಗ್ ಬೇಡ. ಅವುಗಳ ಪಟ್ಟಿ ಸಾಕಷ್ಟಿವೆ. ಯಾರೂ ಕೇಳದಿದ್ದರೂ ಆಟ ತಾನಾಗಿ ಮಾಡುವಂಥದ್ದು ಹೇಳಿ.

ಉಳಿದದ್ದೊಂದೇಜೀವ
ಸೂಪರ್ ಮಾರಿಯೊ 64. 1996ರ ಆಟ. ಶುರುವಿನಲ್ಲೇ ಮೋಡದ ಮೇಲೆ ಕೂತ ಲಾಕಿಟು ಅನ್ನುವವನು ಕ್ಯಾಮೆರಾ ಹಿಡಿದುಕೊಂಡು ಬರುತ್ತಾನೆ. ನಾವು ನೋಡುವುದೆಲ್ಲ ಅವನ ಕ್ಯಾಮೆರಾದಲ್ಲಿ ಕಂಡದ್ದು ಎಂದು ಲೆಕ್ಕ. 3ಡಿ ಆಟವೇ ಹೊಸದಾಗಿದ್ದ ಕಾಲ. ಕ್ಯಾಮೆರಾ ತಿರುಗಿಸುವುದು ಅಂದರೆ ಏನು ಎಂದು ಜನರಿಗೆ ತಿಳಿಸಬೇಕಿತ್ತು, ಅದಕ್ಕೊಂದು ಉಪಾಯ ಎಂದುಕೊಂಡಿದ್ದೆ.

ಆಮೇಲೆ ಕೋಟೆಯ ಮೇಲಂತಸ್ತಿನಲ್ಲಿ ಕನ್ನಡಿ ಇರುವ ಕೋಣೆ ಸಿಗುತ್ತದೆ. ಹೋಗಿ ನಿಂತೆ. ಕನ್ನಡಿಯಲ್ಲಿ ಮಾರಿಯೊ ಇದ್ದ. ಅವನ ಹಿಂದೆ, ಗಾಳಿಯಲ್ಲಿ, ಕ್ಯಾಮೆರಾ ಹಿಡಿದುಕೊಂಡು ಲಾಕಿಟು ಕೂಡ ಇದ್ದ. ಅಷ್ಟು ದಿನವೂ ನನ್ನ ಜೊತೆಗೇ ಬರುತ್ತಿದ್ದ, ಕಂಡಿದ್ದು ಮಾತ್ರ ಅವತ್ತು. ನಾನಾಗ ಚಿಕ್ಕವಳು. ತಿರುಗಿ ನನ್ನ ಹಿಂದೆ ಒಂದು ಸಲ ನೋಡಿಕೊಂಡಿದ್ದೆ, ಸುಳ್ಳಲ್ಲ.

ಸ್ಕಿಪ್‌ಬಟನ್
ಚೆನ್ನಾಗಿದೆ ಗುರು, ಆದರೆ ನಿಜ ಹೇಳಲಾ? ಇವೆಲ್ಲ ಯೂಟ್ಯೂಬ್ ವಿಡಿಯೋಗೆ ಸರಕು ಅಷ್ಟೆ. ಆಟ ಆಡುವಾಗ ಯಾರು ಕನ್ನಡಿ ನೋಡಿಕೊಂಡು ನಿಲ್ಲುತ್ತಾರೆ? ನಾನು ನಡುನಡುವೆ ಕಥೆ ತೋರಿಸುವ ಕಟ್‌ಸೀನ್ ಕೂಡ ದಾಟಿಸಿ ಆಡುವವನು. ಮೊದಲು ಬಗ್ ಸರಿ ಮಾಡಲಿ, ಆಮೇಲೆ ಏದುಸಿರು ರೆಕಾರ್ಡ್ ಮಾಡಲಿ.

ಸೇವ್‌ಮರೆತವ
@ಸ್ಕಿಪ್‌ಬಟನ್ ನಿನ್ನಂಥವರನ್ನೇ ಹಿಡಿಯುವ ಆಟ ಒಂದಿದೆ. ಮೆಟಲ್ ಗಿಯರ್ ಸಾಲಿಡ್ 3, 2004. ಅದರಲ್ಲಿ ದಿ ಎಂಡ್ ಅನ್ನುವ ಮುದುಕ ಸ್ನೈಪರ್ ಒಬ್ಬ ಬಾಸ್, ಅಂದರೆ ದೊಡ್ಡ ಎದುರಾಳಿ. ಕಾಡಿನೊಳಗೆ ಗಂಟೆಗಟ್ಟಲೆ ಅವನನ್ನು ಹುಡುಕಬೇಕು. ನಾನು ಅರ್ಧ ಕಾದಾಡಿ ಸೋತು ಸುಣ್ಣವಾಗಿ ಸೇವ್ ಮಾಡಿ ಮಲಗಿದೆ. ಮಾರನೇ ದಿನದಿಂದ ಪರೀಕ್ಷೆ. ಮತ್ತೆ ಕೂತದ್ದು ಹದಿನೈದು ದಿನ ಕಳೆದ ಮೇಲೆ.

ಲೋಡ್ ಮಾಡಿದರೆ ಕಾದಾಟವೇ ಇಲ್ಲ. ಮುದುಕ ಸತ್ತುಹೋಗಿದ್ದಾನೆ. ವಯಸ್ಸಾಗಿ! ಸೇವ್ ಮಾಡಿ ಒಂದು ವಾರಕ್ಕಿಂತ ಜಾಸ್ತಿ ಬಿಟ್ಟರೆ ಹಾಗಾಗುತ್ತದಂತೆ. ಆಟ ಕನ್ಸೋಲಿನ ಗಡಿಯಾರ ನೋಡಿಕೊಳ್ಳುತ್ತದೆ. ತಾರೀಖು ಮುಂದೆ ತಳ್ಳಿದರೂ ಸಾಕು. ನಾನು ಆಗ ಡಿಸ್ಕ್ ಕೆಟ್ಟಿದೆ ಎಂದುಕೊಂಡು ಬಟ್ಟೆಯಲ್ಲಿ ಒರೆಸಿ ಒರೆಸಿ ಮತ್ತೆ ಹಾಕಿದ್ದೆ.

ನಿದ್ದೆಗೆಟ್ಟವ
ಒರೆಸಿದ್ದು 😂 ಇದು ಬೇಕಿತ್ತು. ಆ ಆಟದಲ್ಲೇ ಇನ್ನೊಂದಿದೆಯಲ್ಲ, ನದಿಯಲ್ಲಿ ನಡೆದುಕೊಂಡು ಹೋಗುವಾಗ ನೀವು ಕೊಂದವರೆಲ್ಲ ಎದುರು ಬರುವುದು?

ಸೇವ್‌ಮರೆತವ
ಹೌದು. ಯಾರನ್ನೂ ಜಾಸ್ತಿ ಕೊಲ್ಲದೆ ಬಂದವನಿಗೆ ಆ ನದಿ ಬೇಗ ಮುಗಿಯುತ್ತದೆ. ನನ್ನ ಗೆಳೆಯ ಒಬ್ಬನಿದ್ದ, ಕಂಡವರಿಗೆಲ್ಲ ಗುಂಡು ಹೊಡೆದುಕೊಂಡು ಬಂದಿದ್ದ. ಅವನ ನದಿ ಮುಗಿಯುವ ಲಕ್ಷಣವೇ ಇರಲಿಲ್ಲ. ಹೆಣಗಳ ಮೆರವಣಿಗೆ. ಕೊನೆಗೆ ‘ಸಾಕು ಮಾರಾಯ, ತಪ್ಪಾಯ್ತು’ ಅಂದ, ಟಿವಿಗೆ.

ಮೈಲಿಗಟ್ಟಲೆಕುದುರೆ
ಇಂಥ ಚರ್ಚೆಯಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಇನ್ನೂ ಬಂದಿಲ್ಲ ಅಂದರೆ ಏನು ಕಥೆ! ಗಡ್ಡ ತಾನಾಗಿ ಬೆಳೆಯುತ್ತದೆ. ಬಂದೂಕು ಒರೆಸದಿದ್ದರೆ ಕೊಳೆಯಾಗಿ ಅದರ ಹೊಡೆತ ಮಂಕಾಗುತ್ತದೆ. ಸತ್ತ ಪ್ರಾಣಿಯನ್ನು ಬಿಟ್ಟು ಹೋಗಿ ಕೆಲವು ದಿನ ಕಳೆದು ಬಂದರೆ ಕೊಳೆತಿರುತ್ತದೆ. ಸರಿಯಾಗಿ ತಿನ್ನದಿದ್ದರೆ ನಾಯಕ ಆರ್ಥರ್ ಸೊರಗುತ್ತಾನೆ, ಜಾಸ್ತಿ ತಿಂದರೆ ಊದಿಕೊಳ್ಳುತ್ತಾನೆ. ಇನ್ನು ಚಳಿಯಲ್ಲಿ ಗಂಡು ಕುದುರೆಗೆ ಏನಾಗುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು.

ಸ್ಕಿಪ್‌ಬಟನ್
ಕುದುರೆಯದ್ದು ಕುಗ್ಗುತ್ತದೆ. ಹೇಳಿಬಿಡಿ, ಅದರಲ್ಲೇನಿದೆ. ನನ್ನ ಪ್ರಶ್ನೆಯೂ ಅದೇ. ಒಬ್ಬ ಮನುಷ್ಯ ಎಷ್ಟು ದಿನ ಕೂತು ಆ ಕೆಲಸ ಮಾಡಿರಬೇಡ? ಆ ಆಟ ಬರುವ ಮುಂಚೆ ವಾರಕ್ಕೆ 100 ಗಂಟೆ ಕೆಲಸದ ಮಾತು ಬಂದು ದೊಡ್ಡ ಗಲಾಟೆಯೇ ಆಯಿತಲ್ಲ.

ಮೈಲಿಗಟ್ಟಲೆಕುದುರೆ
ಅದು ಕಥೆ ಬರೆಯುವವರ ಸಣ್ಣ ತಂಡದ ಮಾತು, ಅದೂ ಮೂರು ವಾರದ್ದು ಎಂದು ಆಮೇಲೆ ಹೇಳಿದರು. ಆದರೂ ನಿನ್ನ ಮಾತು ತಳ್ಳಿಹಾಕುವುದಿಲ್ಲ. ಗಡ್ಡ ಬೆಳೆಯುವುದನ್ನು ಮೆಚ್ಚುತ್ತಾ ಅದನ್ನು ಬೆಳೆಸಿದವನ ನಿದ್ದೆ ಮರೆಯಬಾರದು, ಒಪ್ಪಿದೆ.

ಸೆಮಿಕೋಲನ್‌ಕಳೆದುಕೊಂಡವಳು
ನಾನು ಆಟ ಮಾಡುವವಳು. ದೊಡ್ಡ ಕಂಪನಿಯಲ್ಲಿ ಅಲ್ಲ, ಮೂರು ಜನ ಸೇರಿ ರಾತ್ರಿ ಹೊತ್ತು ಮಾಡುವುದು. ಒಳಗಿನಿಂದ ನೋಡಿದರೆ ಈ ವಿಷಯ ಸ್ವಲ್ಪ ಬೇರೆ ಥರ ಕಾಣುತ್ತದೆ. ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮದೊಂದು ಜಿಗಿಯುವ ಆಟ. ಆಡಿ ನೋಡಲು ಆರು ಜನಕ್ಕೆ ಕೊಟ್ಟೆವು. ನಾಲ್ವರು ಹೇಳಿದ್ದು ಒಂದೇ ಮಾತು: ಜಂಪ್ ಬಟನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಬಟನ್ ಚೆನ್ನಾಗಿಯೇ ಇತ್ತು. ಒಬ್ಬನ ಹಿಂದೆ ಕೂತು ನೋಡಿದೆ. ಅವನು ಬಂಡೆಯ ಅಂಚಿಗೆ ಓಡಿ ಬರುತ್ತಾನೆ, ಅಂಚು ದಾಟಿ ಕಾಲು ಗಾಳಿಗೆ ಇಟ್ಟ ಮೇಲೆ ಬಟನ್ ಒತ್ತುತ್ತಾನೆ. ಕಂಪ್ಯೂಟರ್ ಲೆಕ್ಕದಲ್ಲಿ ತಡವಾಯಿತು, ಬಿದ್ದ. ಅವನ ಲೆಕ್ಕದಲ್ಲಿ ಸರಿಯಾದ ಹೊತ್ತಿಗೇ ಒತ್ತಿದ್ದ. ‘ನೋಡಿ, ಒತ್ತಿದೆ ಅಲ್ವಾ?’ ಎಂದು ತಿರುಗಿ ನನ್ನ ಮುಖ ನೋಡಿದ. ನಾನೇನು ಹೇಳಲಿ!

ಅವತ್ತು ರಾತ್ರಿ ಒಂದು ಸಾಲು ಸೇರಿಸಿದೆ. ಅಂಚು ದಾಟಿದ ಮೇಲೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಜಿಗಿಯಲು ಬಿಡು ಎಂದು. ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ಕಾರ್ಟೂನಿನಲ್ಲಿ ಆ ತೋಳದಂಥ ಕಯೋಟಿ ಬಂಡೆ ಮುಗಿದ ಮೇಲೂ ಗಾಳಿಯಲ್ಲಿ ಓಡಿ, ಕೆಳಗೆ ನೋಡಿದ ಮೇಲೆ ತಾನೇ ಬೀಳುವುದು? ಅದೇ. 2018ರ ಸೆಲೆಸ್ಟ್ ಆಟದಲ್ಲಿ ಇದೂ ಇದೆ, ಇನ್ನೂ ಹಲವು ಇವೆ. ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದರೆ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸುತ್ತದೆ. ಮೇಲೆ ಜಿಗಿದಾಗ ತಲೆ ಕಲ್ಲಿನ ಮೂಲೆಗೆ ಚೂರು ತಾಗಿದರೆ, ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ ಮೇಲೆ ಕಳಿಸುತ್ತದೆ. ಅಷ್ಟು ಕಷ್ಟದ ಆಟ ಎಂದು ಹೆಸರಾದದ್ದು ಒಳಗೊಳಗೇ ಎಷ್ಟು ಕೈಹಿಡಿಯುತ್ತದೆ ನೋಡಿ.

ಮುಂದಿನ ವಾರ ಅದೇ ಆರು ಜನಕ್ಕೆ ಕೊಟ್ಟೆ. ಅವನು ಆಡಿ ಮುಗಿಸಿ ಹೇಳಿದ, ‘ಬಟನ್ ರಿಪೇರಿ ಮಾಡಿಸಿದಿರಿ ಅಲ್ವಾ, ಈಗ ಸರಿ ಹೋಯ್ತು.’

ಉಳಿದದ್ದೊಂದೇಜೀವ
ಬಟನ್ ರಿಪೇರಿ!! ಅದಕ್ಕೆ ನೀವು ಏನಂದಿರಿ?

ಸೆಮಿಕೋಲನ್‌ಕಳೆದುಕೊಂಡವಳು
‘ಹೌದು, ಹೊಸದು ಹಾಕಿಸಿದೆವು’ ಅಂದೆ.

ನಿಯಮಪಾಲಕ
ಮೇಡಂ, ತಪ್ಪು ತಿಳಿಯಬೇಡಿ, ಇದು ಮೋಸ ಅಲ್ಲವೇ? ಬಿದ್ದವನನ್ನು ಬಿದ್ದಿಲ್ಲ ಎಂದು ನಂಬಿಸುವುದು. ಬಯೋಶಾಕ್ ಆಟದಲ್ಲಿ ಶತ್ರುಗಳ ಮೊದಲ ಗುಂಡು ಬೇಕೆಂದೇ ಗುರಿ ತಪ್ಪುತ್ತದೆ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ಅದು ಗೊತ್ತಾದ ದಿನ ನನಗೆ ಬೇಜಾರಾಯಿತು. ನಾನು ಚುರುಕಾಗಿ ತಪ್ಪಿಸಿಕೊಂಡೆ ಎಂದು ಬೀಗಿದ್ದೆಲ್ಲ ಅವರ ಕೃಪೆ!

ಸೆಮಿಕೋಲನ್‌ಕಳೆದುಕೊಂಡವಳು
ಮೇಡಂ ಎಲ್ಲ ಬೇಡ. ಮೊದಲ ಗುಂಡು ತಪ್ಪಿಸುವುದು ನಿಮಗೆ ಹೊಗಳಿಕೆ ಕೊಡಲಿಕ್ಕಲ್ಲ, ಶತ್ರು ಎಲ್ಲಿದ್ದಾನೆ ಎಂದು ತಿಳಿಸಲಿಕ್ಕೆ. ಬೆನ್ನ ಹಿಂದಿನಿಂದ ಗುಂಡು ಬಂದು ಸತ್ತರೆ ಯಾಕೆ ಸತ್ತೆ ಎಂದೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಸುಂಯ್ ಎಂದು ಹೋದರೆ ತಿರುಗುತ್ತೀರಿ. ಆಮೇಲಿನ ಕಾದಾಟ ನಿಮ್ಮದೇ.

2017ರಲ್ಲಿ ಜೆನಿಫರ್ ಶೂರ್ಲೆ ಎಂಬ ಗೇಮ್ ಡಿಸೈನರ್ ಟ್ವಿಟರ್‌ನಲ್ಲಿ ಇದನ್ನೇ ಕೇಳಿದ್ದರು, ಆಟಗಾರರಿಗೆ ಕಾಣದ ಹಾಗೆ ನೀವು ಏನೇನು ಬಚ್ಚಿಟ್ಟಿದ್ದೀರಿ ಎಂದು. ಡೆವಲಪರ್‌ಗಳು ಸಾಲುಗಟ್ಟಿ ಒಪ್ಪಿಕೊಂಡರು. ಕೆಲವು ಆಟಗಳಲ್ಲಿ ಜೀವ ಎಷ್ಟು ಉಳಿದಿದೆ ಎಂದು ಪರದೆಯ ಮೇಲೆ ತೋರಿಸುವ ಜೀವದ ಪಟ್ಟಿಯ ಕೊನೆಯ ಚೂರು ಕಾಣುವುದಕ್ಕಿಂತ ಗಟ್ಟಿ. ಕೂದಲೆಳೆಯಲ್ಲಿ ಬದುಕಿದೆ ಅನಿಸಬೇಕಲ್ಲ, ಅದಕ್ಕೆ.

ನಿಯಮಪಾಲಕ
ನನ್ನ ಬೇಜಾರು ಹಾಗೇ ಇದೆ. ಗುಂಡಿನದ್ದು ಒಪ್ಪಿದೆ. ಜೀವದ ಪಟ್ಟಿಯದ್ದು ಒಪ್ಪಲ್ಲ, ಅದು ಲೆಕ್ಕದ ಪುಸ್ತಕ ತಿದ್ದಿದ ಹಾಗೆ.

ಹಳೇಜಾಯ್‌ಸ್ಟಿಕ್
ಮಕ್ಕಳಾ, ಪ್ಯಾಕ್-ಮ್ಯಾನ್ ನೆನಪಿಸಿಕೊಳ್ಳಿ. 1980. ನಾಲ್ಕು ಭೂತಗಳೂ ಒಂದೇ ಥರ ಅಟ್ಟಿಸಿಕೊಂಡು ಬರುತ್ತವೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಒಂದೊಂದಕ್ಕೂ ಒಂದೊಂದು ಬುದ್ಧಿ. ಕೆಂಪು ನೇರ ಬೆನ್ನು ಹತ್ತುತ್ತದೆ. ಗುಲಾಬಿ ನೀವು ಹೋಗುವ ಕಡೆ ನಾಲ್ಕು ಚೌಕ ಮುಂದಕ್ಕೆ ಗುರಿ ಇಡುತ್ತದೆ. ಕಿತ್ತಳೆ ಹತ್ತಿರ ಬರುವವರೆಗೆ ಶೂರ, ಎಂಟು ಚೌಕದೊಳಗೆ ಬಂದ ಕೂಡಲೇ ತನ್ನ ಮೂಲೆಗೆ ಓಟ. ನನ್ನ ಅಚ್ಚುಮೆಚ್ಚಿನದು ಅದೇ. ನೀಲಿಯದ್ದು ಸ್ವಲ್ಪ ಗೋಜಲು, ಕೆಂಪು ಎಲ್ಲಿದೆ ಎಂದೂ ನೋಡುತ್ತದೆ. ಇನ್ನು ತಿರುವಿನಲ್ಲಿ ಪ್ಯಾಕ್-ಮ್ಯಾನ್ ಮೂಲೆ ಕತ್ತರಿಸಿಕೊಂಡು ತಿರುಗುತ್ತಾನೆ, ಭೂತಗಳಿಗೆ ಆ ಸೌಲಭ್ಯ ಇಲ್ಲ. ಅಂದರೆ ನಿಯಮಪಾಲಕರು ಹೇಳುವ ಮೋಸ ಆಗಲೇ ಶುರುವಾಗಿತ್ತು.

ಕೆಲವು ಸಂಗತಿಗಳು ಯಾರೂ ಯೋಚಿಸಿ ಮಾಡಿದವೂ ಅಲ್ಲ. ಸ್ಪೇಸ್ ಇನ್ವೇಡರ್ಸ್‌ನಲ್ಲಿ, 1978ರದ್ದು, ಶತ್ರುಗಳು ಕಡಿಮೆಯಾದಂತೆ ಉಳಿದವು ವೇಗವಾಗಿ ಬರುತ್ತವೆ. ಅದು ಯಂತ್ರದ ಕಷ್ಟ. ಪರದೆ ತುಂಬ ಇದ್ದಾಗ ಬಿಡಿಸಲು ಹೊತ್ತು ಹಿಡಿಯುತ್ತಿತ್ತು, ಕಡಿಮೆಯಾದಾಗ ಹಗುರಾಯಿತು. ಅದನ್ನು ಮಾಡಿದ ತೊಮೊಹಿರೊ ನಿಶಿಕಾಡೊ ನೋಡಿದರು, ಆಟಕ್ಕೆ ರಂಗೇರುತ್ತಿದೆ, ಹಾಗೇ ಬಿಟ್ಟರು. 1985ರ ಸೂಪರ್ ಮಾರಿಯೊದಲ್ಲಿ ಮೇಲಿನ ಮೋಡ, ಕೆಳಗಿನ ಪೊದೆ ಒಂದೇ ಚಿತ್ರ, ಬಣ್ಣ ಬೇರೆ. ಇಡೀ ಆಟ 40 ಕೆಬಿ. ಈಗ ಒಂದು ಫೋಟೋ ಅದಕ್ಕಿಂತ ದೊಡ್ಡದು.

ಆದರೆ ಇಂಥ ಬಡತನದಿಂದ ಹುಟ್ಟಿದ್ದರಲ್ಲಿ ನನ್ನ ಮೆಚ್ಚಿನದು 1989ರ ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡುವುದು, ಜಿಗಿಯುವುದನ್ನು ವಿಡಿಯೋ ಮಾಡಿ, ಒಂದೊಂದೇ ಚಿತ್ರ ಬಿಡಿಸಿ ರಾಜಕುಮಾರನನ್ನು ಮಾಡಿದ್ದ. ಆ ಚಿತ್ರಗಳಿಗೇ ಮೆಮೊರಿ ಖಾಲಿ. ಎದುರಿಗೆ ಇನ್ನೊಬ್ಬ ಬೇಕು, ಜಾಗ ಇಲ್ಲ. ಕೊನೆಗೆ ರಾಜಕುಮಾರನ ಚಿತ್ರವನ್ನೇ ತಿರುಚಿ ನೆರಳಿನಂಥವನನ್ನು ಮಾಡಿದ. ನಾಲ್ಕನೇ ಲೆವೆಲ್‌ನಲ್ಲಿ ಕನ್ನಡಿಗೆ ಹಾರಬೇಕು, ಆಗ ಆ ಕಡೆಯಿಂದ ನೆರಳು ಹೊರಗೆ ಬೀಳುತ್ತದೆ. ನಿಮ್ಮ ಜೀವ ಒಂದಕ್ಕೆ ಇಳಿಯುತ್ತದೆ. ಮುಂದೆ ನೀವು ಕುಡಿಯಬೇಕಾದ ಔಷಧಿ ಅದೇ ಕುಡಿದು ಓಡುತ್ತದೆ, ಬಾಗಿಲು ಮುಚ್ಚಿ ಬೀಳಿಸುತ್ತದೆ.

ಹನ್ನೆರಡನೇ ಲೆವೆಲ್‌ನಲ್ಲಿ ಅದು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಹೊಡೆದೆ. ಜೀವ ಹೋದದ್ದು ನನ್ನದೂ ಕೂಡ. ಮತ್ತೆ ಹೊಡೆದೆ, ಮತ್ತೆ ಹೋಯಿತು. ಎಷ್ಟು ದಿನ ಹೀಗೆ ಸತ್ತೆನೋ. ಒಂದು ಸಲ ರೋಸಿಹೋಗಿ ಕತ್ತಿ ಒರೆಗೆ ಹಾಕಿದೆ. ನೆರಳೂ ಹಾಕಿತು! ಮೆಲ್ಲಗೆ ಅದರ ಕಡೆ ನಡೆದೆ. ಎರಡೂ ಒಂದಾದವು. ಆಟದಲ್ಲಿ ಎಲ್ಲೂ ಒಂದಕ್ಷರ ಬರೆದಿರಲಿಲ್ಲ.

ಸೇವ್‌ಮರೆತವ
ಅಣ್ಣ, ಇದನ್ನು ಓದಿ ರೋಮ ನಿಂತವು. ನಾನು ಅಲ್ಲಿವರೆಗೆ ಹೋಗಿಯೇ ಇರಲಿಲ್ಲ, 60 ನಿಮಿಷ ಮುಗಿದು ಪ್ರತಿ ಸಲ ಸೋಲು.

ಕತ್ತಲೆಕೋಣೆ
ನೆರಳು ಅಂದಾಗ ನೆನಪಾಯಿತು. ಸೈಲೆಂಟ್ ಹಿಲ್ 2, 2001. ಅದರಲ್ಲಿ ಏಂಜೆಲಾ ಎಂಬ ಹುಡುಗಿಯ ಚಾಕು ನಿಮ್ಮ ಕೈಗೆ ಬರುತ್ತದೆ. ಏನೂ ಉಪಯೋಗ ಇಲ್ಲ, ಚೀಲ ತೆಗೆದು ಸುಮ್ನೆ ನೋಡಬಹುದು ಅಷ್ಟೆ. ನಾನು ಆಗಾಗ ತೆಗೆದು ನೋಡುತ್ತಿದ್ದೆ. ಪೆಟ್ಟಾದರೂ ಔಷಧಿ ಹಾಕಿಕೊಳ್ಳದೆ ನಡೆಯುತ್ತಿದ್ದೆ, ಉಳಿಸಿಕೊಳ್ಳೋಣ ಎಂದು. ಆಟ ಇದೆಲ್ಲವನ್ನೂ ಎಣಿಸುತ್ತಿತ್ತು. ಬದುಕುವ ಆಸೆ ಇಲ್ಲದವನ ಲಕ್ಷಣ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ಮುಕ್ತಾಯ ಕೊಟ್ಟಿತು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಜಿಪುಣತನ ಮಾಡಿದೆ ಮಾರಾಯ್ರೆ, ಅದಕ್ಕೆ ಅಂಥ ಕೊನೆ!

2012ರ ಡಿಸ್‌ಆನರ್ಡ್‌ನಲ್ಲೂ ಹೀಗೇ. ದೋಣಿಯ ಸ್ಯಾಮ್ಯುಯೆಲ್ ಇಡೀ ಆಟ ನಿಮ್ಮನ್ನು ಮರ್ಯಾದೆಯಿಂದ ಕರೆದೊಯ್ಯುತ್ತಾನೆ. ಕೊಲೆ ಜಾಸ್ತಿ ಮಾಡಿದ್ದರೆ, ಕೊನೆಯ ದ್ವೀಪದಲ್ಲಿ ಇಳಿಸಿದ ಮೇಲೆ ಆಕಾಶಕ್ಕೆ ಗುಂಡು ಹಾರಿಸಿ ಕಾವಲುಗಾರರಿಗೆ ನೀವು ಬಂದದ್ದನ್ನು ತಿಳಿಸಿಬಿಡುತ್ತಾನೆ. ಒಳ್ಳೆಯವನೊಬ್ಬನಿಗೆ ನನ್ನ ಮೇಲೆ ಹೇಸಿಗೆಯಾಯಿತಲ್ಲ ಎಂದು ನಿಜಕ್ಕೂ ನಾಚಿಕೆಯಾಗಿತ್ತು.

ಮೈಲಿಗಟ್ಟಲೆಕುದುರೆ
ನಾಚಿಕೆ ಅಂದರೆ ದಿ ಲಾಸ್ಟ್ ಆಫ್ ಅಸ್ ಭಾಗ 2. ಒಬ್ಬನನ್ನು ಕೊಂದರೆ ಪಕ್ಕದವನು ಅವನ ಹೆಸರು ಹಿಡಿದು ಕೂಗುತ್ತಾನೆ. ನಾಯಿಗೂ ಹೆಸರಿದೆ. ಮುಂದೆ ಬರೆಯಲ್ಲ.

ಗೋಡೆಒಡೆಯುವವನು
ನಿಯಮ ಮುರಿಯುತ್ತೇನೆ, ಕ್ಷಮಿಸಿ. ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟದಲ್ಲಿ ಗ್ಯಾಂಟ್ ಸೇತುವೆಯ ತುದಿಗೆ ಹತ್ತಿದರೆ ಒಂದು ಬೋರ್ಡ್ ಇದೆ. ‘ಇಲ್ಲಿ ಈಸ್ಟರ್ ಎಗ್ ಏನೂ ಇಲ್ಲ, ಹೋಗಿ’ ಎಂದು.

ನಿದ್ದೆಗೆಟ್ಟವ
ಈಸ್ಟರ್ ಎಗ್ ಬೇಡ ಅಂದಿದ್ದೆ. ಆದರೆ ಆ ಬೋರ್ಡೇ ಈಸ್ಟರ್ ಎಗ್ ಇಲ್ಲ ಅನ್ನುತ್ತಿದೆ, ಹಾಗಾಗಿ ಬಿಟ್ಟಿದ್ದೇನೆ.

ಗೋಡೆಒಡೆಯುವವನು
ಹಾಗಾದರೆ ನಿಜವಾದ ಪ್ರಶ್ನೆ ಒಂದು. 2009ರ ಬ್ಯಾಟ್‌ಮ್ಯಾನ್ ಆರ್ಕಮ್ ಅಸೈಲಮ್‌ನಲ್ಲಿ ವಾರ್ಡನ್ ಕೋಣೆಯ ಗೋಡೆ ಹಿಂದೆ ಗುಟ್ಟಿನ ಕೋಣೆ ಇತ್ತು. ಗೋಡೆಯ ಮೇಲೆ ಯಾವ ಗುರುತೂ ಇಲ್ಲ. ಸರಿಯಾದ ಜಾಗಕ್ಕೆ ಸ್ಫೋಟಕ ಹಚ್ಚಿದರೆ ಮಾತ್ರ ಒಡೆಯುತ್ತದೆ. ಒಳಗೆ ಮುಂದಿನ ಆಟದ ನಕ್ಷೆ. ತಿಂಗಳುಗಟ್ಟಲೆ ಒಬ್ಬರಿಗೂ ಸಿಗಲಿಲ್ಲ. ಕೊನೆಗೆ ಮಾಡಿದವರೇ ತಡೆಯಲಾರದೆ ಹೇಳಿದರು. ಹೇಳದೇ ಇದ್ದಿದ್ದರೆ? ಯಾರೂ ನೋಡದ ಸಂಗತಿ ಇದ್ದರೇನು, ಬಿಟ್ಟರೇನು?

ಸೆಮಿಕೋಲನ್‌ಕಳೆದುಕೊಂಡವಳು
ಮಾಡಿದವರು ನೋಡಿದ್ದರಲ್ಲ. ನಮ್ಮ ಆಟದಲ್ಲಿ ಮಳೆ ಬಂದಾಗ ಮಾತ್ರ ಬಾಗಿಲ ಸಂದಿಗೆ ಬಂದು ಕೂರುವ ಬೆಕ್ಕು ಒಂದಿದೆ. ಈವರೆಗೆ ಒಬ್ಬರೂ ಅದರ ಬಗ್ಗೆ ಬರೆದಿಲ್ಲ. ದಿನಾ ಒಮ್ಮೆ ಮಳೆ ಬರಿಸಿ ನಾನೇ ನೋಡುತ್ತೇನೆ.

ಅದೇ ಬ್ಯಾಟ್‌ಮ್ಯಾನ್‌ನಲ್ಲಿ ನನಗೆ ಹಿಡಿಸಿದ್ದು ಅವನ ಕೇಪ್. ಆ ಒಂದು ರಾತ್ರಿ ಕಳೆದಂತೆ ಹರಿಯುತ್ತಾ ಹೋಗುತ್ತದೆ. ಕೋಣೆ ಗುಟ್ಟು, ಕೇಪ್ ಕಣ್ಣೆದುರೇ. ಎರಡನ್ನೂ ಜನ ನೋಡಲಿಲ್ಲ.

ಉಳಿದದ್ದೊಂದೇಜೀವ
ಆ ಬೆಕ್ಕಿನ ಆಟದ ಹೆಸರು ಹೇಳಿ. ಈಗಲೇ.

ಸೆಮಿಕೋಲನ್‌ಕಳೆದುಕೊಂಡವಳು
ಇನ್ನೂ ಮುಗಿದಿಲ್ಲ. ಮುಗಿದ ದಿನ ಇಲ್ಲೇ ಹೇಳುತ್ತೇನೆ.

ಮಳೆಗೆಸಿಕ್ಕವ
ಬ್ರೆತ್ ಆಫ್ ದಿ ವೈಲ್ಡ್ ಬಗ್ಗೆ ಯಾರೂ ಬರೆಯಲಿಲ್ಲವಾ? 2017. ಗುಡುಗು ಮಳೆಯಲ್ಲಿ ಲೋಹದ ಕತ್ತಿ ಹೊತ್ತಿದ್ದರೆ ಕಿಡಿ ಹಾರಿ ಸಿಡಿಲು ಬಡಿಯುತ್ತದೆ. ಮೂರು ಸಲ ಸತ್ತು ಕಲಿತೆ. ಆಮೇಲೆ ತಲೆ ಓಡಿತು. ಕಿಡಿ ಹಾರಲು ಶುರುವಾದ ಕೂಡಲೇ ಆ ಕತ್ತಿಯನ್ನು ಶತ್ರುಗಳ ಗುಂಪಿಗೆ ಎಸೆದು ದೂರ ಓಡಿದೆ. ಸಿಡಿಲು ಅವರ ಪಾಲಾಯಿತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಲೋಹಕ್ಕೆ ಸಿಡಿಲು ಬಡಿಯುತ್ತದೆ ಎಂಬುದಷ್ಟೇ ನಿಯಮ, ಅದು ಯಾರ ಕೈಯಲ್ಲಿದ್ದರೂ ಅದೇ.

ಬಿಸಿನೀರ ಬುಗ್ಗೆಯಲ್ಲಿ ಹಕ್ಕಿ ಮೊಟ್ಟೆ ಬೀಳಿಸಿ ನೋಡಿ. ಬೇಯುತ್ತದೆ. ನಾನು ಕೈತಪ್ಪಿ ಬೀಳಿಸಿದ್ದು.

ನಿಯಮಪಾಲಕ
ಇದು ನನಗೆ ಪೂರ್ತಿ ಒಪ್ಪಿಗೆ. ನಿಯಮ ಅಂದರೆ ಹೀಗಿರಬೇಕು, ಶತ್ರುವಿಗೂ ಮೊಟ್ಟೆಗೂ ಒಂದೇ.

ಸ್ಕಿಪ್‌ಬಟನ್
ಇಷ್ಟು ಹೊತ್ತು ಓದುತ್ತಿದ್ದೆ, ಪೂರ್ತಿ ಓದಿದೆ. ನನ್ನ ಹಠ ಬಿಟ್ಟಿಲ್ಲ. ಬಗ್ ಮೊದಲು, ಬೆಕ್ಕು ಆಮೇಲೆ. (ಬೆಕ್ಕಿನ ಆಟ ಬಂದಾಗ ನನಗೂ ಹೇಳಿ.)

ಆದರೆ ಸಂಜೆ ಮಾರಿಯೊ 64 ಹಾಕಿದೆ, ಆ ಕನ್ನಡಿ ನೋಡೋಣ ಎಂದು. ಕೋಟೆ ಬಾಗಿಲಿಗೆ ಬಂದಿದ್ದೆ, ಅಷ್ಟರಲ್ಲಿ ಮನೆಯಿಂದ ಕರೆ. ಕಂಟ್ರೋಲರ್ ಕೆಳಗಿಟ್ಟು ಮಾತಾಡಿ ಮುಗಿಸಿ ಬರುವಷ್ಟರಲ್ಲಿ ಮಾರಿಯೊ ನೆಲದ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ನಿದ್ದೆಯಲ್ಲಿ ಏನೋ ತಿಂಡಿ ಹೆಸರು ಹೇಳುತ್ತಿದ್ದಾನೆ. ಇಷ್ಟು ವರ್ಷ ಆಡಿದ್ದೇನೆ, ನಾನು ಅವನನ್ನು ಒಂದು ಸಲವೂ ಅಷ್ಟು ಹೊತ್ತು ನಿಲ್ಲಲು ಬಿಟ್ಟಿರಲಿಲ್ಲ ಅನಿಸುತ್ತದೆ.

ಕನ್ನಡಿ ನಾಳೆ ನೋಡಿದರಾಯಿತು. ಈಗ ಎಬ್ಬಿಸಲು ಕೈ ಬರುತ್ತಿಲ್ಲ.